ಎಲೆ ಕೆಂಪಾಗುವ ವಾರ

ಹೂಡಿಯ ಚಿಕ್ಕಮುನಿಯಪ್ಪನವರು ಜಪಾನಿಗೆ ಹೊರಟದ್ದು ಎಲೆ ನೋಡುವುದಕ್ಕೆ. ಹಾಗೆಂದು ಯಾರಿಗೆ ಹೇಳಿದರೂ ಎರಡನೇ ಸಲ ಕೇಳುತ್ತಿದ್ದರು.

“ಎಲೆನಾ? ಎಂಥಾ ಎಲೆ?”

“ಮರದ್ ಎಲೆ ಕಣಯ್ಯ. ಚಳಿಗಾಲಕ್ಕೆ ಮುಂಚೆ ಕೆಂಪಗಾಯ್ತವೆ. ಟೋಕಿಯೋ ಪೂರ್ತಿ ಬೆಂಕಿ ಇಟ್ಟಂಗೆ ಕಾಣ್ತದಂತೆ.”

ನಿಜವಾದ ಕಾರಣ ಎಲೆಯಲ್ಲ, ದಾಯಾದಿ ಮುನೀಂದ್ರ. ಚಿಕ್ಕಪ್ಪನ ಮಗನಾದ ಅವನು ಹೋದ ವರ್ಷ ಸ್ವಿಟ್ಜರ್ಲೆಂಡಿಗೆ ಹೋಗಿ, ಹಿಮದ ಉಂಡೆ ಹಿಡಿದು ನಿಂತ ಫೋಟೋವನ್ನು ವಂಶದ ವಾಟ್ಸಾಪ್ ಗುಂಪಿಗೆ ಹಾಕಿದ್ದ. ಅಂದಿನಿಂದ ಮದುವೆ, ನಾಮಕರಣ, ತಿಥಿ ಎಲ್ಲಿ ಸಿಕ್ಕಿದರೂ ಅವನ ಬಾಯಲ್ಲಿ ಹಿಮವೇ. ಇಬ್ಬರ ರಾಗಿ ಹೊಲಗಳ ಮೇಲೂ ಈಗ ಗಾಜಿನ ಕಟ್ಟಡಗಳಿದ್ದವು, ಇಬ್ಬರಿಗೂ ಬಾಡಿಗೆ ಬರುತ್ತಿತ್ತು. ಬದುವಿನ ಜಗಳಕ್ಕೆ ಬದುವೇ ಉಳಿದಿರಲಿಲ್ಲ. ಉಳಿದಿದ್ದದ್ದು ಫೋಟೋ ಮಾತ್ರ.

ಹೆಂಡತಿ ಸುಬ್ಬಲಕ್ಷ್ಮಮ್ಮ ಮಾತ್ರ ನೇರವಾಗಿ ಕೇಳಿದರು. “ನಮ್ಮನೆ ಮುಂದ್ಲ ಬಾದಾಮಿ ಮರದ್ ಎಲೆನೂ ಕೆಂಪಗಾಗಿ ಉದುರ್ತದೆ. ದಿನಾ ಗುಡ್ಸೋಳು ನಾನು. ಅದನ್ ನೋಡಕ್ಕೆ ಇಮಾನ ಅತ್ಬೇಕಾ?”

“ಅದು ಕಸ ಕಣೇ. ಇದು ಸೀಸನ್ನು.”

ನವೆಂಬರ್ ನಡುವಿನಲ್ಲಿ ಟೋಕಿಯೋ ತಲುಪಿದರು. ಇಪ್ಪತ್ತೆರಡು ಜನರ ತಂಡ. ಕರೆದುಕೊಂಡು ಹೋದವನು ಪರಮಾನಂದ ಎಂಬ ಟೂರ್ ಮ್ಯಾನೇಜರ್. ಮೊದಲ ದಿನವೇ ಅವನು ಎಲ್ಲರನ್ನೂ ಒಂದು ಹೆಸರಾಂತ ಸಾಲುಮರದ ರಸ್ತೆಗೆ ಇಳಿಸಿದ. ಎರಡೂ ಕಡೆ ಗಿಂಕೋ ಎಂಬ ಎತ್ತರದ ಮರಗಳು, ಬೀಸಣಿಗೆಯಂಥ ಪುಟ್ಟ ಎಲೆಗಳು. ಈ ಹೊತ್ತಿಗೆ ಹಳದಿಯಾಗಿರಬೇಕಾದ ಎಲ್ಲವೂ ಹಸಿರು.

ಪರಮಾನಂದ ಗಂಟಲು ಸರಿಮಾಡಿಕೊಂಡ. “ಸಾರ್, ಈ ಸಲ ಇಲ್ಲಿ ಬಿಸಿಲು ಜಾಸ್ತಿ. ಎಲೆ ಸ್ವಲ್ಪ ಲೇಟು.”

“ಲೇಟು ಅಂದ್ರೆ?” ಎಂದರು ಚಿಕ್ಕಮುನಿಯಪ್ಪನವರು.

“ಇನ್ನೊಂದು ಹತ್ತು ಹದಿನೈದು ದಿವಸ.”

“ನಾವು ನಾಡಿದ್ದು ಒರಟೋಗ್ತೀವಲ್ರೀ!”

“ಅದೇ ಸಾರ್ ಪ್ರಾಬ್ಲಂ.”

ಮರುದಿನ ಇನ್ನೊಂದು ಉದ್ಯಾನ. ಅಲ್ಲಿಯೂ ಹಸಿರೇ. ಅಲ್ಲಿಯ ಜನಕ್ಕೆ ಅದರ ಚಿಂತೆ ಇದ್ದಂತಿರಲಿಲ್ಲ. ಚಾಪೆ ಹಾಸಿಕೊಂಡು ಬುತ್ತಿ ಬಿಚ್ಚಿದ್ದರು. ಒಬ್ಬ ಮುದುಕ ಹಸಿರು ಮರದ ಚಿತ್ರವನ್ನೇ ಮನಸ್ಸಿಟ್ಟು ಬರೆಯುತ್ತಿದ್ದ. ಚಿಕ್ಕಮುನಿಯಪ್ಪನವರು ಫೋನ್ ಹಿಡಿದು ಕೆಂಪು ಹುಡುಕುತ್ತಾ ಉದ್ಯಾನವನ್ನೆಲ್ಲ ಅಳೆದರು. ದೂರದಲ್ಲಿ ಪೊದೆಯ ಹಿಂದೆ ಕೆಂಪಗೆ ಏನೋ ಹೊಳೆಯಿತು. ಏದುಸಿರು ಬಿಡುತ್ತ ಓಡಿಹೋಗಿ ನೋಡಿದರೆ, ಅದು ಜ್ಯೂಸ್ ಬಾಟಲಿ ಮಾರುವ ಯಂತ್ರ.

ಅಷ್ಟರಲ್ಲಿ ಸುಬ್ಬಲಕ್ಷ್ಮಮ್ಮ ಪಕ್ಕದ ದೇಗುಲದ ಬಾಗಿಲಲ್ಲಿ ನಿಂತಿದ್ದರು. ಬಣ್ಣಬಣ್ಣದ ಕಿಮೋನೋ ತೊಟ್ಟ ಪುಟ್ಟ ಹೆಣ್ಣುಮಕ್ಕಳು ಅಜ್ಜಿಯರ ಕೈಹಿಡಿದು ಬರುತ್ತಿದ್ದವು. ಮೂರು, ಐದು, ಏಳು ವರ್ಷ ತುಂಬಿದ ಮಕ್ಕಳನ್ನು ಈ ತಿಂಗಳು ದೇವರ ಮುಂದೆ ನಿಲ್ಲಿಸಿ ಆಯುಸ್ಸು ಬೇಡುತ್ತಾರೆ ಎಂದು ಪರಮಾನಂದ ಹೇಳಿದ. ಸುಬ್ಬಲಕ್ಷ್ಮಮ್ಮ ತಡೆಯಲಾರದೆ ಒಂದು ಕೂಸಿನ ಮುಖ ನೀವಿ, ತಮ್ಮ ಕಣತಲೆಗೆ ಬೆರಳೊತ್ತಿ ಲಟಲಟನೆ ನೆಟಿಗೆ ಮುರಿದರು. ಕೂಸಿನ ಅಜ್ಜಿ ಬೆರಗಾಗಿ ನೋಡಿ, ತಾನೂ ಹಾಗೇ ಮಾಡಲು ಹೋದಳು. ಒಂದು ಬೆರಳೂ ಲಟಕ್ಕೆನ್ನಲಿಲ್ಲ. ಇಬ್ಬರೂ ನಕ್ಕರು.

ಹೂಡಿಯಿಂದ ಮುನೀಂದ್ರ ದಿನಕ್ಕೆರಡು ಸಲ ಕೇಳುತ್ತಿದ್ದ: ‘ಅಣ್ಣ, ಎಲೆ ಎಲ್ಲಿ?’

ಮೂರನೆಯ ದಿನ ದೇವರು ಕಣ್ಣುಬಿಟ್ಟ. ರೈಲು ನಿಲ್ದಾಣದ ಗೋಡೆಯ ಮೇಲೆ ಒಂದು ಭಾರಿ ಪೋಸ್ಟರ್. ಹೊಳೆ, ಮರದ ಸೇತುವೆ, ದಡದುದ್ದಕ್ಕೂ ಕೆಂಡದಂಥ ಮರಗಳು. ಚಿಕ್ಕಮುನಿಯಪ್ಪನವರು ಸೇತುವೆಯ ಮೇಲೆಯೇ ನಿಂತಂತೆ ಕಾಣುವ ಜಾಗ ಹುಡುಕಿ ನಿಂತರು. ಪರಮಾನಂದ ಮಂಡಿಯೂರಿದ. ಅಂಚು ಕಾಣಬಾರದು, ದಾರಿಹೋಕರು ಅಡ್ಡ ಬರಬಾರದು. ಬೆಳಗಿನ ಹೊತ್ತು, ಸಾವಿರಾರು ಜನ ಅಡ್ಡ ಬರುತ್ತಲೇ ಇದ್ದರು. ಮುಕ್ಕಾಲು ಗಂಟೆ ಹಿಡಿಯಿತು.

ಸುಬ್ಬಲಕ್ಷ್ಮಮ್ಮನಿಗೆ ನಿಂತು ನಿಂತು ಕಾಲು ಸೋತಿತು. ನಿಲ್ದಾಣದ ಹೊರಗೆ ಬಂದರೆ ಅಲ್ಲೂ ಅದೇ ಗಿಂಕೋ ಮರಗಳು. ಕೆಳಗೆ ಒಬ್ಬಳು ಮುದುಕಿ ಕುಕ್ಕರಗಾಲಲ್ಲಿ ಕೂತು ನೆಲ ತಡಕುತ್ತಿದ್ದಳು. ಏನೋ ಕಳೆದುಕೊಂಡಿದ್ದಾಳೆಂದು ಇವರು ಹತ್ತಿರ ಹೋದರು. ಉದುರಿದ ಹಳದಿ ಹಣ್ಣುಗಳಿಂದ ಅವಳು ಬೀಜ ಬಿಡಿಸಿ ಚೀಲಕ್ಕೆ ಹಾಕುತ್ತಿದ್ದಳು. ಸತ್ತ ಹೆಗ್ಗಣದ ನಾತ. ಸುಬ್ಬಲಕ್ಷ್ಮಮ್ಮ ಸೆರಗು ಸಿಕ್ಕಿಸಿ ಕೂತೇಬಿಟ್ಟರು. ಮದುವೆಗೆ ಮುಂಚೆ ಅವ್ವನ ಜೊತೆ ಕೆರೆ ಏರಿಯ ಮೇಲೆ ಹೊಂಗೆ ಬೀಜ ಆಯ್ದ ಕೈ ಅದು. ಮುದುಕಿ ಬರಿಗೈಯಲ್ಲಿ ಮುಟ್ಟಬೇಡವೆಂದು ಸನ್ನೆ ಮಾಡಿ ಅವರ ಕೈಗೆ ಪ್ಲಾಸ್ಟಿಕ್ ಕವರ್ ತೊಡಿಸಿದಳು. ಇವರು ಕನ್ನಡದಲ್ಲಿ ಸೊಸೆಯ ವಿಷಯ ಹೇಳಿದರು, ಅವಳು ಜಪಾನಿಯಲ್ಲಿ ಏನೋ ಹೇಳಿದಳು. ಮಾತು ತಿಳಿಯಲಿಲ್ಲವೆಂಬ ಕೊರತೆ ಇಬ್ಬರನ್ನೂ ಕಾಡಲಿಲ್ಲ. ಏಳುವಾಗ ಮುದುಕಿ ಡಬ್ಬಿ ತೆಗೆದು, ಹುರಿದು ಉಪ್ಪು ಹಾಕಿದ ನಾಲ್ಕು ಬೀಜ ಕೊಟ್ಟಳು. ಬಲಿತ ಅವರೆಕಾಳು ಹುರಿದಂತಿತ್ತು, ಕೊನೆಯಲ್ಲಿ ಸಣ್ಣ ಕಹಿ.

ಬಸ್ಸಿನಲ್ಲಿ ಎಲ್ಲರೂ ಮೂಗು ಮುಚ್ಚಿಕೊಂಡರು.

“ಏನೇ ಇದು ನಾತ?” ಎಂದರು ಚಿಕ್ಕಮುನಿಯಪ್ಪ.

“ಬೀಜ ಆಯ್ದೆ.”

“ಜಪಾನಿಗ್ ಬಂದು ಬೀಜ ಆಯ್ದ್ಯಾ! ಊರಲ್ಲಿ ಯಾರ್ಗೂ ಏಳ್ಬೇಡ, ಮಾನ ಓಗ್ತದೆ.”

ಫೋಟೋ ಮಾತ್ರ ಗೆದ್ದಿತು. ವಂಶದ ಗುಂಪಿನಲ್ಲಿ ನೂರೆಂಟು ಕೈಮುಗಿತ. ಮುನೀಂದ್ರ ‘ಎಲೆ ಎಲ್ಲಿ’ ಎಂದು ಕೇಳುವುದನ್ನು ಬಿಟ್ಟ.

ಡಿಸೆಂಬರ್ ಮೊದಲ ವಾರ ಚಿಕ್ಕಮುನಿಯಪ್ಪನವರ ಕಟ್ಟಡದಲ್ಲಿ ಕೆಫೆ ನಡೆಸುತ್ತಿದ್ದ ಸಿದ್ಧಾರ್ಥ್ ಎಂಬ ಬಾಡಿಗೆದಾರ ಅವರನ್ನು ಹುಡುಕಿಕೊಂಡು ಬಂದ. “ಅಂಕಲ್, ನಮ್ ಕೆಫೆಲಿ ಜಪಾನೀಸ್ ಆಟಮ್ ವೀಕ್ ಮಾಡ್ತಿದೀವಿ. ನೀವೇ ಚೀಫ್ ಗೆಸ್ಟ್. ನಿಮ್ ಫೋಟೋನೇ ಫ್ಲೆಕ್ಸ್ ಮಾಡ್ಸ್‌ತೀನಿ.”

ಕಾರ್ಯಕ್ರಮದ ದಿನ ಕೆಫೆಯ ತುಂಬ ಪ್ಲಾಸ್ಟಿಕ್ಕಿನ ಕೆಂಪೆಲೆಗಳು ತೂಗಾಡುತ್ತಿದ್ದವು. ಗೋಡೆಗೆ ಹತ್ತಡಿ ಎತ್ತರದ ಚಿಕ್ಕಮುನಿಯಪ್ಪ. ಮುನೀಂದ್ರನನ್ನು ಅವರೇ ಒತ್ತಾಯದಿಂದ ಕರೆಸಿ ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಮೈಕ್ ಹಿಡಿದು ಹೇಳಿದರು: “ಅಲ್ಲಿ ನಿಂತ್ರೆ ಎಲೆ ಮೈ ಮೇಲೆ ಉದುರ್ತಾವೆ. ಅದನ್ನ ಬಾಯಲ್ ಏಳಕ್ಕಾಗಲ್ಲ.”

ಟೊಮೊಕೊ ಎಂಬ ಜಪಾನಿ ಹೆಂಗಸು ಮುಂದೆ ಬಂದಳು. ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿ ಮೂರು ವರ್ಷದಿಂದ ಕೆಲಸ, ಕನ್ನಡ ಕಲಿಯುತ್ತಿದ್ದಳು. ಫ್ಲೆಕ್ಸಿನ ಕೆಳಮೂಲೆಯನ್ನೇ ನೋಡುತ್ತಾ ಬಾಯಿಗೆ ಕೈ ಅಡ್ಡ ಹಿಡಿದಳು. ಫೋನಿನಲ್ಲಿ ಇರುವೆಸಾಲಿನಂತಿದ್ದ ಜಪಾನಿ ಅಕ್ಷರಗಳು ಈಗ ಮೊಳದುದ್ದ ಇದ್ದವು.

“ಓದಮ್ಮ, ಎಲ್ರಿಗೂ ಕೇಳಂಗೆ ಓದು,” ಎಂದು ಚಿಕ್ಕಮುನಿಯಪ್ಪನವರೇ ಹುರಿದುಂಬಿಸಿದರು.

ಅವಳು ಹಿಂಜರಿದಳು. ಆಮೇಲೆ ನಿಧಾನವಾಗಿ ಹೇಳಿದಳು: “ಸಾರ್, ಇದು... ‘ಟೋಕಿಯೋದಲ್ಲಿ ಯಾಕೆ ಕಾಯ್ತೀರಿ? ರೈಲು ಹತ್ತಿ. ಕ್ಯೋಟೋದಲ್ಲಿ ಎಲೆ ಕೆಂಪು.’”

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಮೊದಲು ಅರ್ಥವಾದದ್ದು ಮುನೀಂದ್ರನಿಗೆ. ಅವನು ಕುರ್ಚಿಯಿಂದ ಜಾರುವಷ್ಟು ನಕ್ಕ. “ಅಣ್ಣೋ, ಪೋಸ್ಟರ್ ಮುಂದೆ ನಿಂತ್ಕಂಡಿದ್ಯಾ!”

ಚಿಕ್ಕಮುನಿಯಪ್ಪನವರ ಮುಖ ಸುತ್ತಲಿನ ಅಲಂಕಾರಕ್ಕೆ ಹೊಂದುವಷ್ಟು ಕೆಂಪಾಯಿತು.

ತನ್ನಿಂದಾದ ಅನಾಹುತಕ್ಕೆ ಟೊಮೊಕೊ ಬಗ್ಗಿ ಬಗ್ಗಿ ನಮಸ್ಕರಿಸಿದಳು. ಮಾತು ತಿರುಗಿಸಲು ಸುಬ್ಬಲಕ್ಷ್ಮಮ್ಮನನ್ನು ಕೇಳಿದಳು: “ಅಮ್ಮ, ನೀವು ಏನು ನೋಡಿದಿರಿ?”

ಅವರು ಗಂಡನ ಮುಖ ನೋಡಿದರು. ಹೋಗಬೇಕಾದ ಮಾನ ಹೇಗೂ ಹೋಗಿಯಾಗಿತ್ತು. “ಬೀಜ ಆಯ್ದೆ ಕಣವ್ವ. ಸತ್ತ ಎಗ್ಗಣದ ನಾತ. ಉರ್ಕಂಡು ತಿಂದ್ರೆ ಅವರೆಕಾಳಿನಂಗೆ.”

ಟೊಮೊಕೊಳ ಕಣ್ಣು ಅರಳಿತು. “ಗಿನ್ನಾನ್! ಅದು ಗಿನ್ನಾನ್ ಅಮ್ಮ! ನನ್ನ ಅಜ್ಜಿ ಕೂಡ... ಮನೆ ಎಲ್ಲ ವಾಸನೆ, ಅಪ್ಪ ಜಗಳ!” ಎಂದವಳು ಅವರ ಕೈ ಹಿಡಿದು ಕೂತಳು. ಬಂದವರೆಲ್ಲ ಫ್ಲೆಕ್ಸ್ ಬಿಟ್ಟು ಆ ಕುರ್ಚಿಗಳ ಸುತ್ತ ನೆರೆದರು. ಮುಖ್ಯ ಅತಿಥಿಗಳು ಮೈಕ್ ಹಿಡಿದುಕೊಂಡೇ ನಿಂತಿದ್ದರು.

ಮನೆಗೆ ಬರುವಾಗ ಚಿಕ್ಕಮುನಿಯಪ್ಪನವರು ಕೇಳಿದರು: “ನನ್ನೂ ಕೂಗ್ಬಾರ್ದಿತ್ತಾ, ಬೀಜ ಆಯವಾಗ?”

“ನೀವು ಸೇತುವೆ ಮೇಲಿದ್ರಲ್ಲ.”

ಅವರೆಕಾಯಿ ಹೊಸದಾಗಿ ಬಂದ ಭಾನುವಾರ ಟೊಮೊಕೊ ಮನೆಗೆ ಬಂದಳು. ಅಡುಗೆಮನೆಯ ನೆಲದ ಮೇಲೆ ಸುಬ್ಬಲಕ್ಷ್ಮಮ್ಮ ಅವಳಿಗೆ ನೆನೆಸಿದ ಕಾಳು ಹಿತುಕುವುದನ್ನು ಕಲಿಸುತ್ತಿದ್ದರು. ಮೊದಲ ಕಾಳು ಅವಳ ಬೆರಳಿಂದ ಚಿಮ್ಮಿ ಚಿಕ್ಕಮುನಿಯಪ್ಪನವರ ಕನ್ನಡಕಕ್ಕೆ ಬಡಿಯಿತು. ಅವರು ಅವಳು ಕಾಳು ಹಿತುಕುವ ಫೋಟೋ ತೆಗೆದು ಗುಂಪಿಗೆ ಕಳಿಸಿದರು. ಇದೂ ಪೋಸ್ಟರೇ ಇರಬೇಕೆಂದು ಮುನೀಂದ್ರ ನಂಬಲಿಲ್ಲ. ಪರೀಕ್ಷೆ ಮಾಡಿಯೇ ಬಿಡುತ್ತೇನೆಂದು ಬೈಕು ಹತ್ತಿ ಬಂದ.

“ಬಂದ್ಯಾ, ಕೈ ತೊಳ್ಕಂಡು ಕೂತ್ಕ,” ಎಂದು ಸುಬ್ಬಲಕ್ಷ್ಮಮ್ಮ ಅವನ ಮುಂದೆ ಒಂದು ಬೋಗುಣಿ ಕಾಳು ಇಟ್ಟರು. “ನೀವೂ ಬನ್ನಿ,” ಎಂದು ಗಂಡನ ಕೈಯಿಂದ ಫೋನ್ ತೆಗೆದು ಕಿಟಕಿಯ ಮೇಲಿಟ್ಟರು. ದಾಯಾದಿಗಳಿಬ್ಬರೂ ಎದುರುಬದುರು ಕೂತು, ಯಾರು ಮೊದಲು ಮುಗಿಸುತ್ತಾರೆಂದು ಹಿತುಕತೊಡಗಿದರು.