ಏಳನೆಯವಳ ಹೆಸರು

ಮೇಷ್ಟ್ರ ತಲೆ ಮತ್ತೆ ಎಡಕ್ಕೆ ವಾಲಿತು. ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿ ಇನ್ನೂ ಒಂದು ಗಂಟೆಯಾಗಿರಲಿಲ್ಲ, ಇದು ಮೂರನೆಯ ಸಲ. ಅಂಗಳದಲ್ಲಿ ಕೂತು ಬಿಲ್ವಪತ್ರೆಯ ಕಡ್ಡಿ ಬಿಡಿಸುತ್ತಿದ್ದ ಈರಕ್ಕ ಅಲ್ಲಿಂದಲೇ ಕೂಗಿದಳು.

"ಕಾಶವ್ವಾ, ತಲೆ ವಾಲ್ತು ನೋಡ್ರವ್ವಾ! ಆ ಕಡೀಕೊಂದು ದಿಂಬು ಕೊಡ್ರಿ."

"ಬದುಕಿದ್ದಾಗ ಆಕಾಶ ನೋಡ್ಕೊಂಡೇ ಓಡಾಡ್ದ. ಈಗ ನೆಟ್ಟಗೆ ಕೂರು ಅಂದ್ರೆ ಕೂರ್ತಾನಾ?" ಎನ್ನುತ್ತ ಮೇಷ್ಟ್ರ ಅಕ್ಕ ಕಾಶಮ್ಮ ತಮ್ಮನ ಕೆನ್ನೆಗೆ ಅಂಗೈ ಕೊಟ್ಟು ತಲೆ ನಿಲ್ಲಿಸಿದಳು. ನಿಂತ ಮೇಲೂ ಕೈ ತೆಗೆಯಲಿಲ್ಲ.

ತೀರ್ಥಪ್ಪ ಮೇಷ್ಟ್ರು ಹಿಂದಿನ ದಿನ ಸಂಜೆ ಶಿವನಿ ಸ್ಟೇಷನ್ನಿನಿಂದ ಪೇಪರು ತರುತ್ತಿದ್ದರು. ದಾರಿಯಲ್ಲಿ ಎದೆ ಹಿಡಿದುಕೊಂಡು ಸೈಕಲ್ಲಿನಿಂದ ಇಳಿದು ಕೂತವರು ಮತ್ತೆ ಏಳಲಿಲ್ಲ. ರಿಟೈರಾಗಿ ಮೂರು ವರ್ಷವಾಗಿತ್ತು. ಅದಕ್ಕೆ ಮುಂಚೆ ಮೂವತ್ತೆರಡು ವರ್ಷ ಇದೇ ಊರಿನ ಶಾಲೆಯಲ್ಲಿ ಲೆಕ್ಕ, ವಿಜ್ಞಾನ ಹೇಳಿದವರು. ಅಂಗಳದಲ್ಲಿ ಸೇರಿದ್ದವರಲ್ಲಿ ಅವರ ಕೈಲಿ ಕಿವಿ ಹಿಂಡಿಸಿಕೊಳ್ಳದವರು ಕಡಿಮೆ. ಲಾಟೀನು, ತೆಂಗಿನಕಾಯಿ, ನಿಂಬೆಹಣ್ಣು ಇಟ್ಟು ಗ್ರಹಣ ತೋರಿಸುತ್ತಿದ್ದರು. ತೆಂಗಿನಕಾಯಿಯೇ ಭೂಮಿ. ಪಾಠ ಮುಗಿದ ಮೇಲೆ ಭೂಮಿಯನ್ನು ಒಡೆದು ಎಲ್ಲರಿಗೂ ಒಂದೊಂದು ಚೂರು ಹಂಚುತ್ತಿದ್ದರು.

ತೋಟದ ಕಡೆಯಿಂದ ಹೊನ್ನಯ್ಯ ಹಾರೆ ಹೊತ್ತು ಬಂದ. ಸಮಾಧಿಯ ಗುಂಡಿ ತೋಡುವ ಯಜಮಾನಿಕೆ ಅವನದು.

"ಎರಡು ಮೊಳಕ್ಕೇ ಕಲ್ಲು ಸಿಕ್ತು ಕಣ್ರಪ್ಪೋ. ಇನ್ನೂ ಎರಡು ಗಂಟೆ ಬೇಕು."

"ಸಿಗದೆ ಇರ್ತದಾ?" ಎಂದ ಯಾರೋ. "ಗುಂಡಿ ಮೇಷ್ಟ್ರ ಗುಂಡಿ ಅಂದ್ರೆ ಸುಮ್ನೇನಾ?"

ಸಾವಿನ ಮನೆಯೆಂದು ನಗು ನುಂಗಿಕೊಂಡರೂ ನಾಲ್ಕಾರು ಜನರ ಹೆಗಲು ಕುಲುಕಿದವು. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎನ್ನುವ ಹಾಗೆ, ಜನ ಮಳೆಗಾಗಿ ಆಕಾಶ ನೋಡಿದರೆ ಮೇಷ್ಟ್ರು ಶನಿಗ್ರಹದ ಚಂದ್ರನಲ್ಲಿರುವ ಗುಂಡಿಗಳಿಗೆ ಹೆಸರು ಹುಡುಕಿದವರು. ಪರದೇಶಕ್ಕೆ ಕಾಗದ ಬರೆದರು. ಅಲ್ಲಿಂದ ಉತ್ತರವೂ ಬಂತು. ಅಂದಿನಿಂದ ಗುಂಡಿ ಮೇಷ್ಟ್ರು ಎಂಬ ಬಿರುದು ಅಂಟಿಕೊಂಡಿತು.

ನಗಲಿ ಬಿಡು, ಎಂದುಕೊಂಡಳು ಈರಕ್ಕ. ಆ ಹೆಸರುಗಳು ಯಾರ ಬಾಯಿಂದ ಹೊರಟವು ಎನ್ನುವುದು ಇಬ್ಬರಿಗೆ ಗೊತ್ತಿತ್ತು. ಈಗ ಒಬ್ಬಳಿಗೆ.

*

ಅದು ಎಂಬತ್ತನೇ ಇಸವಿಯ ಕಾರ್ತಿಕ. ಶಾಲೆಯ ಹಿಂದಿನ ಅಡಿಗೆ ಕೋಣೆಯಲ್ಲಿ ಈರಕ್ಕ ಮಕ್ಕಳಿಗೆ ಉಪ್ಪಿಟ್ಟು ಕೆದಕುತ್ತಿದ್ದಾಗ ಮೇಷ್ಟ್ರು ಪೇಪರು ಬೀಸುತ್ತ ಒಳಗೆ ಬಂದರು. ಹೆಂಡತಿ ದಾಕ್ಷಾಯಣಮ್ಮ ಜ್ವರದಲ್ಲಿ ತೀರಿಕೊಂಡು ಎರಡು ವರ್ಷವಾಗಿತ್ತು. ಅವತ್ತಿನಿಂದ ಅವರ ಮಧ್ಯಾಹ್ನದ ಊಟವೂ ಅದೇ ಬಾಣಲೆಯ ಉಪ್ಪಿಟ್ಟೇ.

"ಇಲ್ನೋಡು ಈರಕ್ಕ. ಏನು ಕಾಣ್ತದೆ?"

ಹೊಗೆಯಲ್ಲಿ ಕಣ್ಣು ಕಿರಿದು ಮಾಡಿ ನೋಡಿದಳು. ಬೂದುಬಣ್ಣದ ಗುಂಡು, ಸಿಡುಬು ಎದ್ದು ಹೋದ ಮುಖದ ಹಾಗೆ ಮೈತುಂಬ ಕುಳಿ.

"ನಮ್ ಅಕ್ಕಗಳ ಬಂಡೆ ಇದ್ದಂಗೈತಲ್ಲ ಮೇಷ್ಟ್ರೆ."

ಮೇಷ್ಟ್ರು ತೊಡೆ ತಟ್ಟಿಕೊಂಡರು. "ನಂಗೂ ಹಂಗೇ ಅನ್ನಿಸ್ತು ಕಣೇ! ಇದು ಶನಿಯ ಚಂದ್ರ."

"ಹೆಗಲೇರೋ ಶನಿಗೂ ಒಬ್ಬ ಚಂದ್ರ ಅವ್ನಾ?"

"ಒಬ್ಬ ಯಾಕೆ, ಹತ್ತಾರು ಜನ ಅವ್ರೆ."

ಅಮೆರಿಕದವರು ಬಿಟ್ಟ ನೌಕೆ ಶನಿಯ ಹತ್ತಿರ ಹೋಗಿ ಈ ಚಿತ್ರ ತೆಗೆದಿದೆ ಎಂದು ವಿವರಿಸಿದರು. ಗುಂಡಿಗಳಿಗೆ ಹೆಸರಿಡಲು ದೊಡ್ಡವರದೊಂದು ಸಮಿತಿ ಇದೆಯಂತೆ. ಈ ಚಂದ್ರನಿಗೆ, ಲೋಕ ಹುಟ್ಟಿದ್ದು ಹೇಗೆಂದು ಬೇರೆಬೇರೆ ನಾಡಿನ ಜನ ಹೇಳುವ ಕತೆಗಳಿಂದ ಹೆಸರು ತೆಗೆಯುತ್ತಾರಂತೆ. ಮಂತ್ರಿಗಳ ಹೆಸರು ನಡೆಯದು, ನೆಂಟರಿಷ್ಟರ ಹೆಸರು ನಡೆಯದು, ಹಳೆಯ ಪುರಾಣದ್ದೇ ಆಗಬೇಕು.

ಅಕ್ಕಗಳ ಬಂಡೆ ಇರುವುದು ಊರಿಗೆ ಎರಡು ಮೈಲಿ, ಕೆರೆ ಏರಿಯ ಆಚೆ. ಹಾಸುಗಲ್ಲಿನ ಮೇಲೆ ಏಳು ಗುಂಡಿ. ಭೂಮಿಯೆಲ್ಲ ಬರೀ ಕಲ್ಲಾಗಿದ್ದ ಕಾಲದಲ್ಲಿ ಏಳು ಮಂದಿ ಅಕ್ಕತಂಗಿಯರು ಮಂಡಿಯೂರಿ ಬರಿಗೈಯಲ್ಲಿ ತೋಡಿದರಂತೆ. ಆರು ಜನ ಬೇಸತ್ತು ಎದ್ದು ಹೋದರು. ಕಿರಿಯವಳು ಅಲ್ಲೇ ಉಳಿದು ತೋಡುತ್ತ ತೋಡುತ್ತ ತಾನೇ ನೀರಾದಳು. ಲೋಕದ ನೀರೆಲ್ಲ ಅವಳೇ. ಆರು ಜನರ ಹೆಸರು ಊರಿಗೆಲ್ಲ ಗೊತ್ತು, ಹೆಣ್ಣುಮಕ್ಕಳು ಕುಂಟೆಬಿಲ್ಲೆ ಆಡುವಾಗ ಹೇಳಿಕೊಳ್ಳುತ್ತಾರೆ. ಕಿರಿಯವಳ ಹೆಸರು ಮಾತ್ರ ಈರಕ್ಕನ ಮನೆಯ ಹಿರಿ ಹೆಂಗಸಿನದು. ಸೀಗೆ ಹುಣ್ಣಿಮೆಯ ಬೆಳಗ್ಗೆ ಗುಂಡಿಗಳಿಗೆ ಹಾಲು ಹುಯ್ದು, ಏಳನೆಯದಕ್ಕೆ ಬಾಯಿ ಹಚ್ಚಿ ಒಂದೇ ಒಂದು ಸಲ ಪಿಸುಗುಟ್ಟಬೇಕು. ಸಾಯುವ ಮುಂಚೆ ಅತ್ತೆ ಅದನ್ನು ಸೊಸೆಯ ಕಿವಿಗೆ ಹಾಕಬೇಕು. ಬೇರೆ ಯಾರಿಗೂ ಇಲ್ಲ.

ಈರಕ್ಕನ ಸೊಸೆ ತರೀಕೆರೆ ಪೇಟೆಯವಳು. "ಕಲ್ಲಿಗೆ ಹುಯ್ಯೋ ಹಾಲನ್ನ ಮಗೀಗಾದ್ರೂ ಕುಡ್ಸಿ ಅತ್ತೆ" ಎಂದು ನಕ್ಕಿದ್ದಳು. ಆ ನಗು ಕೇಳಿದ ಮೇಲೆ ಈರಕ್ಕನ ಬಾಯಿ ಅವಳ ಮುಂದೆ ತೆರೆಯಲಿಲ್ಲ.

ಇದು ಮೇಷ್ಟ್ರಿಗೆ ಗೊತ್ತಿತ್ತು. "ನಿನ್ನ ಜೊತೆಗೇ ಮಣ್ಣಿಗೆ ಹೋಗ್ತದಲ್ಲ ಈರಕ್ಕ. ನಂಗೆ ಹೇಳು. ಆ ಚಂದ್ರ ಇರೋವರೆಗೂ ಅವಳ ಹೆಸರು ಇರ್ತದೆ. ಇಲ್ಲಿ ಒಬ್ರಿಗೂ ಬಾಯಿ ಬಿಡಲ್ಲ, ಲಿಂಗದಾಣೆ."

ಮೂರು ದಿನ ಈರಕ್ಕನಿಗೆ ಅನ್ನ ಸೇರಲಿಲ್ಲ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎಂದು ಅತ್ತೆ ಸಾಯುವಾಗಲೂ ಹೇಳಿದ್ದಳು. ಆದರೆ ಗಂಡ ಹಾಸಿಗೆ ಹಿಡಿದಾಗ ತಿಂಗಳುಗಟ್ಟಲೆ ಸೈಕಲ್ಲಿನಲ್ಲಿ ಕಡೂರಿಗೆ ಹೋಗಿ ಔಷಧಿ ತಂದುಕೊಟ್ಟ ಮನುಷ್ಯ ಇವರು. ಇವರನ್ನು ನಂಬದೆ ಇನ್ನು ಯಾರನ್ನು ನಂಬುವುದು? ನಾಲ್ಕನೆಯ ದಿನ ಒಲೆಯ ಮುಂದೆ, ಮೇಷ್ಟ್ರ ಕಿವಿಯಲ್ಲಿ ಹೇಳಿಬಿಟ್ಟಳು. ಅವರು ಕಣ್ಣು ಮುಚ್ಚಿ ಕೇಳಿದರು. ತೆರೆದಾಗ ಕಣ್ಣಲ್ಲಿ ನೀರಿತ್ತು. ಹೊಗೆಗೆ ಇರಬೇಕು ಎಂದುಕೊಂಡಳು.

*

ಹನ್ನೊಂದರ ಬಸ್ಸಿಗೆ ಅಜ್ಜಂಪುರದಿಂದ ರಿಟೈರ್ಡ್ ಹೆಡ್ಮಾಸ್ತರ್ ಸೋಮಶೇಖರಪ್ಪ ಬಂದರು. ಮೇಷ್ಟ್ರಿಗೆ ಹಳೆಯ ಸ್ನೇಹಿತರು. ಹಾರ ಹಾಕಿ, ಕೈ ಮುಗಿದು, ಕೋಟಿನ ಜೇಬಿನಿಂದ ನಾಲ್ಕು ಮಡಿಕೆಯ ಹಾಳೆ ತೆಗೆದರು.

"ಷಡಕ್ಷರೀ, ಬಾರಪ್ಪ ಇಲ್ಲಿ" ಎಂದು ಮೇಷ್ಟ್ರ ಮಗನನ್ನು ಕರೆದರು. ಕಡೂರಿನ ಆಫೀಸೊಂದರಲ್ಲಿ ಗುಮಾಸ್ತನಾಗಿದ್ದ ಅವನು ಮೂಗು ಒರೆಸಿಕೊಳ್ಳುತ್ತ ಬಂದು ನಿಂತ. "ನಿಮ್ಮಪ್ಪ ಬರೆದ ಕಾಗದಾನ ಟೈಪು ಮಾಡಿದ್ದು ನಾನೇ. ಕಾರ್ಬನ್ ಕಾಪಿ ನನ್ನ ಹತ್ರ ಉಳಿದಿತ್ತು. ತಾನು ಇರೋವರೆಗೂ ಯಾರಿಗೂ ತೋರಿಸ್ಬೇಡಿ ಸಾರ್ ಅಂದಿದ್ದ. ಇವತ್ತು ತೋರಿಸ್ಬಹುದು."

ಇಂಗ್ಲಿಷಿನಲ್ಲಿ ಒಂದು ಸಾಲು, ಕನ್ನಡದಲ್ಲಿ ಒಂದು ಸಾಲು ಎಂದು ಓದತೊಡಗಿದರು. ಅಂಗಳ ಕಿವಿಗೊಟ್ಟಿತು. ಈರಕ್ಕ ಪತ್ರೆಯ ಬುಟ್ಟಿ ಪಕ್ಕಕ್ಕಿಟ್ಟಳು. ಕಲ್ಲಾಗಿದ್ದ ಭೂಮಿ, ಮಂಡಿಯೂರಿದ ಅಕ್ಕತಂಗಿಯರು, ಎದ್ದು ಹೋದ ಆರು ಜನ, ಎಲ್ಲ ಅವಳು ಹೇಳಿದ ಹಾಗೇ ಇತ್ತು. ತನ್ನ ಅಡಿಗೆ ಕೋಣೆಯ ಮಾತು ಕೋಟು ತೊಟ್ಟವರ ಬಾಯಲ್ಲಿ ಕೇಳಿ ಹಿಗ್ಗಾಯಿತು. ಒಂದು ಹೆದರಿಕೆಯೂ ಆಯಿತು. ಕಿರಿಯವಳ ಹೆಸರು ಇಷ್ಟು ಜನರ ಮುಂದೆ ಬಂದುಬಿಡುತ್ತದಲ್ಲ! ತಲೆಯ ಮೇಲೆ ಸೆರಗು ಎಳೆದುಕೊಂಡಳು.

"ಕಿರಿಯವಳೇ ಲೋಕದ ಮೊದಲ ನೀರು" ಎಂದು ಓದಿದರು ಸೋಮಶೇಖರಪ್ಪ. "ಅವಳ ಹೆಸರು ದಾಕ್ಷಾಯಣಿ."

ಕಾಶಮ್ಮ ಎದೆಯ ಮೇಲೆ ಹೊಡೆದುಕೊಂಡಳು. "ಅಯ್ಯೋ ನನ್ನಪ್ಪಾ! ಹೆಂಡ್ತೀನ ಆಕಾಶಕ್ಕೆ ಸೇರಿಸ್ಬಿಟ್ಯಲ್ಲೋ!"

ಷಡಕ್ಷರಿ ಕಂಬ ತಬ್ಬಿಕೊಂಡು ಅತ್ತ. ಗಂಡಸರೂ ಟವಲ್ಲು ಕಣ್ಣಿಗೆ ಒತ್ತಿಕೊಂಡರು.

"ನಾನು ಕೇಳ್ದೆ" ಎಂದರು ಹೆಡ್ಮಾಸ್ತರು. "ಏನಯ್ಯಾ, ಮನೆಯವರ ಹೆಸರು ನಡೆಯಲ್ಲ ಅಂತೀಯಲ್ಲ ಅಂತ. ದಕ್ಷನ ಮಗಳು ದಾಕ್ಷಾಯಣಿ, ಇದಕ್ಕಿಂತ ಪುರಾಣದ ಹೆಸರು ಬೇಕಾ ಸಾರ್, ಅವರಿಗೇನು ಗೊತ್ತಾಗ್ತದೆ ಅಂತ ನಕ್ಕ. ಎಂಥಾ ಪ್ರೀತಿ ನೋಡ್ರಪ್ಪ!"

"ಸಾಮಿ" ಎಂದಳು ಈರಕ್ಕ. ಯಾರಿಗೂ ಕೇಳಿಸಲಿಲ್ಲ. ಎದ್ದು ಜಗುಲಿಯ ಹತ್ತಿರ ಹೋದಳು. "ಸಾಮಿ, ಆ ಕಿರಿಯವಳ ಹೆಸ್ರು ಇನ್ನೊಂದ್ಸಲ ಓದ್ರಿ."

ಅವರು ಸಂತೋಷದಿಂದಲೇ ಓದಿದರು. ಎರಡನೆಯ ಸಲವೂ ಅದೇ ಹೆಸರು.

*

ಎಂಬತ್ತೆರಡರಲ್ಲಿ ಪರದೇಶದ ಉತ್ತರ ಬಂದ ದಿನವೂ ಮೇಷ್ಟ್ರು ಅಡಿಗೆ ಕೋಣೆಗೇ ಬಂದಿದ್ದರು. ಎರಡೇ ಸಾಲು. ಕಾಗದ ತಲುಪಿದೆ, ಹೆಸರುಗಳನ್ನು ಪರಿಶೀಲನೆಯ ಪಟ್ಟಿಗೆ ಸೇರಿಸಿದ್ದೇವೆ.

"ಸೇರ್ತು ಈರಕ್ಕ. ಏಳೂ ಸೇರ್ತು."

"ನಮ್ಮವಳೂ?"

"ಅವಳೂ."

ಈರಕ್ಕ ಕೈ ಮುಗಿದಳು. ಆ ವರ್ಷ ಅವಳ ಮಂಡಿ ಊದಿಕೊಂಡಿತ್ತು, ಎರಡು ಹೆಜ್ಜೆಗೆ ಒಂದು ಸಲ ಕೂರುತ್ತಿದ್ದಳು. ಮೇಷ್ಟ್ರು ಬಾಣಲೆಯ ಕಡೆ ನೋಡುತ್ತ ಹೇಳಿದರು: "ಈ ಕಾಲಲ್ಲಿ ಇನ್ನು ಬಂಡೆಗೆ ಹೋಗ್ಬೇಡ. ಬರೆದಾಯ್ತಲ್ಲ, ಇನ್ನು ಆ ಹೊರೆ ಇಳಿಸಿಬಿಡು. ನೀನು ಮರೆತ್ರೂ ಅಡ್ಡಿಯಿಲ್ಲ."

ಎಂಥ ದೊಡ್ಡ ಮಾತು ಎಂದು ಅವತ್ತು ಅವರ ತಟ್ಟೆಗೆ ಒಂದು ಸೌಟು ಹೆಚ್ಚಿಗೆ ಹಾಕಿದ್ದಳು. ಅವರೂ ಬೇಡವೆನ್ನದೆ ತಿಂದರು. ಆಮೇಲೆ ಐದು ಸೀಗೆ ಹುಣ್ಣಿಮೆ ಬಂದು ಹೋದವು. ಈರಕ್ಕ ಮನೆಯಲ್ಲೇ ಕೂತು ಬಂಡೆಯ ದಿಕ್ಕಿಗೆ ಕೈ ಮುಗಿದಳು. ಹಾಲನ್ನು ಮೊಮ್ಮಗು ಕುಡಿಯಿತು.

*

ಮೂರು ಗಂಟೆಗೆ ಮೇಷ್ಟ್ರನ್ನು ಗುಂಡಿಯೊಳಗೆ ಪದ್ಮಾಸನದಲ್ಲಿ ಕೂರಿಸಿದರು. ಅಯ್ಯನವರು ಅವರ ಎಡಗೈಯಲ್ಲಿ ಇಷ್ಟಲಿಂಗ ಇಟ್ಟು ಮಂತ್ರ ಹೇಳಿದರು. ಪಕ್ಕದಲ್ಲೇ ದಾಕ್ಷಾಯಣಮ್ಮನ ಸಮಾಧಿ, ಅದರ ಮೇಲೆ ಮೇಷ್ಟ್ರೇ ನೆಟ್ಟ ಕಣಗಿಲೆ ಗಿಡ. ಇಷ್ಟು ಹತ್ತಿರ ಇದ್ದಳಲ್ಲ, ಇದು ಸಾಲಲಿಲ್ಲವೇ, ಎಂದುಕೊಂಡಳು ಈರಕ್ಕ. ಸತ್ತವರ ಮೇಲೆ ಸಿಟ್ಟು ಮಾಡಬಾರದು ಎನ್ನುತ್ತಾರೆ. ಸತ್ತವರು ಮಾಡಿ ಹೋದದ್ದಕ್ಕೆ ಇನ್ನಾರ ಮೇಲೆ ಮಾಡುವುದು? ತನ್ನ ಕೈಯಡಿಗೆ ಉಂಡವರು, ಲಿಂಗದ ಆಣೆ ಇಟ್ಟವರು, ತನ್ನ ಅತ್ತೆಯ ಅತ್ತೆಯ ಕಾಲದಿಂದ ಬಂದದ್ದನ್ನು ತೆಗೆದುಕೊಂಡು ಆ ಜಾಗದಲ್ಲಿ ತಮ್ಮ ಹೆಂಡತಿಯನ್ನು ಕೂರಿಸಿಬಿಟ್ಟರು. ಅದೂ ಸಾಲದೆಂದು ಮರೆತುಬಿಡು ಎಂದರು.

ಪತ್ರೆ, ವಿಭೂತಿ ಬಿತ್ತು. ಒಬ್ಬೊಬ್ಬರೇ ಒಂದು ಹಿಡಿ ಮಣ್ಣು ಹಾಕಿದರು. ಈರಕ್ಕನ ಸರದಿ ಬಂತು.

"ನಾ ಹಾಕಲ್ಲ" ಎಂದಳು.

ಎಲ್ಲರೂ ತಿರುಗಿ ನೋಡಿದರು.

"ಅದ್ಯಾಕೆ ಈರಕ್ಕ?" ಎಂದ ಷಡಕ್ಷರಿ ಗಾಬರಿಯಿಂದ.

"ನಿಮ್ಮಪ್ಪ ನಂಗೆ ಮೋಸ ಮಾಡವ್ರೆ. ಆ ಕತೆ ನಂದು. ಕಿರಿಯವಳ ಹೆಸ್ರು ದಾಕ್ಷಾಯಣಿ ಅಲ್ಲ. ಆಕಾಶದಲ್ಲಿ ಇಡ್ತೀನಿ ಅಂತ ನನ್ನ ಹತ್ರ ಇಸ್ಕೊಂಡ್ರು. ಇಡ್ನಿಲ್ಲ."

"ಹೆಣದ ಮುಂದೆ ಆಡೋ ಮಾತಾ ಇದು?" ಎಂದು ಯಾರೋ ಗದರಿದರು. ಕಾಶಮ್ಮ ಅವರ ಬಾಯಿ ಮುಚ್ಚಿಸಿ ಹತ್ತಿರ ಬಂದಳು. ಅವಳ ದನಿ ಮೆತ್ತಗಿತ್ತು.

"ಹೋಗ್ಲಿ ಬಿಡೇ ಈರಿ. ಅವ್ನಿಗೆ ಅವಳು ಬಿಟ್ರೆ ಯಾರಿದ್ರು?"

"ಅವ್ರಿಗೆ ಹೆಂಡ್ತಿ ಕಣವ್ವಾ. ನಮ್ಗೆಲ್ಲ ನೀರು ಕೊಟ್ಟೋಳು ಇವ್ಳು. ಇವ್ಳಿಗೆ ನನ್ನ ಬಿಟ್ರೆ ಯಾರವ್ರೆ?"

ಷಡಕ್ಷರಿ ತಲೆ ತಗ್ಗಿಸಿ ನಿಂತಿದ್ದವನು ಹೆಡ್ಮಾಸ್ತರ ಕೈಯಿಂದ ಆ ಹಾಳೆ ಇಸಿದುಕೊಂಡ. ಅದರ ಬೆನ್ನು ತಿರುಗಿಸಿ, ಜೇಬಿನ ಪೆನ್ನು ತೆಗೆದ.

"ಹೇಳು ಈರಕ್ಕ. ನಾನು ಇನ್ನೊಂದು ಕಾಗದ ಬರೀತೀನಿ. ಅಪ್ಪ ತಪ್ಪು ಬರೆದಿದ್ರು ಅಂತಾನೇ ಬರೀತೀನಿ. ಏಳನ್ನೂ ಹೇಳು."

ಈರಕ್ಕ ಅವನ ಮುಖ ನೋಡಿದಳು. ಹುಡುಗನ ಮಾತಿನಲ್ಲಿ ಕಪಟ ಕಾಣಲಿಲ್ಲ. ಇಷ್ಟು ಕಿವಿಗಳ ಮುಂದೆ ಹೇಳಬಾರದ್ದು, ನಿಜ. ಆದರೆ ಕಿವಿಗೇ ಬೀಳದೆ ಹೋಗುವುದಕ್ಕಿಂತ ಇದು ವಾಸಿ. ಹೊನ್ನಯ್ಯನಿಗೆ ಏನು ತಿಳಿಯಿತೋ, "ಗಂಡಸ್ರು ಆ ಕಡೆ ತಿರುಗ್ರೋ" ಎಂದು ಗುದ್ದಲಿಯವರನ್ನು ತೋಟದ ಕಡೆ ಮುಖ ಮಾಡಿ ನಿಲ್ಲಿಸಿದ.

"ಕೆಂಚವ್ವ" ಎಂದು ಈರಕ್ಕ ಬಲಗೈಯ ಕಿರುಬೆರಳು ಮಡಿಚಿದಳು. "ಗಾಳವ್ವ. ಮಣ್ಣವ್ವ. ದುಗ್ಗವ್ವ. ಮುತ್ತವ್ವ."

ಬಲಗೈ ಮುಷ್ಟಿಯಾಯಿತು. ಷಡಕ್ಷರಿ ಬರೆದುಕೊಂಡ.

"ಸಣ್ಣವ್ವ." ಎಡಗೈಯ ಕಿರುಬೆರಳು ಮಡಿಚಿತು.

ಅವನು ಏಳು ಎಂದು ಬರೆದು, ಮುಂದೊಂದು ಚುಕ್ಕಿ ಇಟ್ಟು ಕಾದ.

ಈರಕ್ಕ ಬಾಯಿ ತೆರೆದಳು. ನಾಲಿಗೆ ಮೇಲೆದ್ದು ಹಲ್ಲಿಗೆ ತಾಗಿತು. "ದಾ..." ಎಂದಿತು. ಬೆಚ್ಚಿ ಬಾಯಿ ಮುಚ್ಚಿಕೊಂಡಳು. ಕಣ್ಣು ಮುಚ್ಚಿ ಮತ್ತೆ ಕೆಂಚವ್ವನಿಂದ ಶುರು ಮಾಡಿದಳು, ತುಟಿಯಲ್ಲೇ, ಬೇಗಬೇಗ, ಕುಂಟೆಬಿಲ್ಲೆ ಆಡುವ ಹುಡುಗಿಯರ ಹಾಗೆ. ಸಣ್ಣವ್ವನವರೆಗೆ ಸರಾಗವಾಗಿ ಬಂದಳು. ಅದರಾಚೆ ಮತ್ತೆ ಅದೇ "ದಾ".

"ನಿಧಾನ ಈರಕ್ಕ" ಎಂದ ಷಡಕ್ಷರಿ. "ನಾನಿದೀನಿ. ನಿಧಾನವಾಗಿ ಹೇಳು."

ಪೆನ್ನಿನ ತುದಿ ಚುಕ್ಕಿಯ ಮೇಲೇ ನಿಂತು ಶಾಯಿ ಹರಡುತ್ತಿತ್ತು. ಈರಕ್ಕ ಎಡಗೈಯನ್ನು ಮುಖದ ಹತ್ತಿರ ಹಿಡಿದು ನೋಡುತ್ತ ನಿಂತಿದ್ದಳು. ಕಿರುಬೆರಳಿನ ಪಕ್ಕದ ಬೆರಳು ಮಡಿಚಲೂ ಆಗದೆ, ನೀಡಲೂ ಆಗದೆ, ಅರ್ಧಕ್ಕೆ ಬಗ್ಗಿ ನಿಂತಿತ್ತು.