ಹೊಳಪು ಕೊಡದ ಜವೆಗೋಧಿ

ಗಿರಣಿಯವನು ಯಂತ್ರವನ್ನು ಕಿವಿಯಿಂದಲೇ ನಡೆಸುತ್ತಿದ್ದ. ಕಲ್ಲಿಗೆ ಬಿದ್ದಾಗ ಒರಟಾಗಿ ಗೊರಗುಟ್ಟುವ ಜವೆಗೋಧಿ, ಮೇಲಿನ ಸಿಪ್ಪೆಯೂ ಅದರಡಿಯ ಕಂದು ತವುಡೂ ಸವೆದಂತೆ ಪಿಸುದನಿಗೆ ಇಳಿಯುತ್ತದೆ. ಆ ಪಿಸುದನಿ ಕೇಳಿಸುವ ಮೊದಲು ಅವನು ಯಂತ್ರ ನಿಲ್ಲಿಸಿದವನೇ ಅಲ್ಲ. ಅವನ ಕಾಳು ಮುತ್ತಿನಂತಿರುತ್ತದೆಂದು ಅಂಗಡಿಯವರು ಹುಡುಕಿಕೊಂಡು ಬರುತ್ತಿದ್ದರು.

ಅವನ ಹೆಂಡತಿ ಹೊಲಿಗೆಯವಳು. ಸಕ್ಕರೆ ಕಾಯಿಲೆಯಿಂದ ಅವಳ ಕಣ್ಣು ಮಂಜಾಗಿ, ಸೂಜಿಗೆ ದಾರ ಪೋಣಿಸುವುದೇ ಕಷ್ಟವಾಗಿತ್ತು. ತವುಡು ಉಳಿದ ಜವೆಗೋಧಿಯನ್ನೇ ಬೇಯಿಸಿ ತಿನ್ನುವಂತೆ ವೈದ್ಯೆ ಹೇಳಿದ್ದರು.

ಆ ಮಾತು ಗಿರಣಿಯವನ ಮನಸ್ಸಿಗೆ ಹಿಡಿಸಲಿಲ್ಲ. ತವುಡು ದನಕ್ಕೆ ಹೋಗುವ ವಸ್ತು. ಊರವರಿಗೆಲ್ಲ ಮುತ್ತು ಅಳೆದುಕೊಟ್ಟವನು ಕೈಹಿಡಿದವಳಿಗೆ ಮೇವು ಬಡಿಸುವುದುಂಟೆ? ಅವಳ ಪಾಲಿನ ಕಾಳನ್ನು ಬೇರೆಯವರದಕ್ಕಿಂತ ಇನ್ನೂ ನುಣುಪಾಗಿಸಿಯೇ ಮನೆಗೆ ಒಯ್ದ. ಅದೇ ವೈದ್ಯೆ ಹೇಳಿದ ಕಾಳೆಂದು ನಂಬಿದ ಅವಳು, “ಬೆಣ್ಣೆ ಥರ ಇದೆ ಕಣ್ರೀ” ಎಂದು ಮತ್ತೊಂದು ಸೌಟು ಹಾಕಿಸಿಕೊಂಡಾಗ ಅವನ ಎದೆ ತುಂಬಿ ಬರುತ್ತಿತ್ತು.

ಮುಂದಿನ ತಪಾಸಣೆಯಲ್ಲಿ ಸಕ್ಕರೆ ಏರಿತ್ತು.

“ಯಾವ ಕಾಳು ತಿಂತಿದ್ದೀರಮ್ಮ?” ಎಂದು ವೈದ್ಯೆ ಕೇಳಿದರು.

ಜೊತೆಗೆ ಬಂದಿದ್ದ ಗಿರಣಿಯವನು ಹೆಮ್ಮೆಯಿಂದಲೇ ಜೇಬಿನಿಂದ ಒಂದು ಹಿಡಿ ತೆಗೆದು ಮೇಜಿನ ಮೇಲಿಟ್ಟ. ವೈದ್ಯೆ ಒಂದು ಕಾಳನ್ನು ಬೆರಳಲ್ಲಿ ಹೊರಳಿಸಿ ನೋಡಿದರು.

“ತವುಡೆಲ್ಲ ಹೋಗಿದೆಯಲ್ಲ, ಯಜಮಾನರೇ.”

“ಅದು ಒರಟು, ಡಾಕ್ಟ್ರಮ್ಮ. ಇವಳ ಬಾಯಿಗೆ ಹೇಗೆ ಹಾಕಲಿ?”

“ಆ ಒರಟಿನಲ್ಲೇ ನಾರು, ಕಬ್ಬಿಣ, ಜೀವಸತ್ವ ಎಲ್ಲ ಹೆಚ್ಚಾಗಿರೋದು. ನಾರಿದ್ರೆ ಊಟ ನಿಧಾನವಾಗಿ ಅರಗುತ್ತೆ, ಸಕ್ಕರೆ ಒಮ್ಮೆಲೇ ರಕ್ತಕ್ಕೆ ನುಗ್ಗಲ್ಲ. ನುಣ್ಣಗಿದ್ರೆ ಗೊತ್ತಾಗದೆ ಎರಡು ಪಾಲು ಒಳಗೆ ಹೋಗಿರುತ್ತೆ. ಹೀಗೇ ಆದ್ರೆ ಕಣ್ಣಿಗೆ ಕಷ್ಟ.”

ಗಿರಣಿಯವನ ಮುಖ ಬಾಡಿತು. ಬೀದಿಗಿಳಿದವನು ತಲೆ ತಗ್ಗಿಸಿ ಮುಂದೆ ಮುಂದೆ ನಡೆದ. ಹೆಂಡತಿಯೇ ತೋಳು ಹಿಡಿದಳು.

“ಸದ್ಯ, ನನ್ನನ್ನೂ ಕಲ್ಲಿಗೆ ಹಾಕಿ ಹೊಳಪು ಕೊಡಲಿಲ್ವಲ್ಲ.”

“ತಮಾಷೆ ಮಾಡಬೇಡ ಕಣೆ. ನಿನ್ನ ಕಣ್ಣಿಗೆ ನಾನೇ ಮಣ್ಣು ಹಾಕ್ತಿದ್ದೆ.”

“ಮಣ್ಣಲ್ಲ, ಬೆಣ್ಣೆ. ಈಗ ತವುಡು ಹಾಕಿ, ನೋಡೋಣ.”

ಮರುದಿನ ಅವಳ ಪಾಲಿನ ಕಾಳು ಕಲ್ಲಿಗೆ ಬಿತ್ತು. ತಿನ್ನಲಾಗದ ಹೊರಸಿಪ್ಪೆ ಹಾರಿಹೋಗಿ, ಕಂದು ಮೈ ಕಾಣಿಸಿಕೊಂಡಿತು. ಗೊರಗುಟ್ಟುವ ದನಿ ಇನ್ನೂ ಇಳಿದಿರಲಿಲ್ಲ. ಕೆಲಸವನ್ನು ಅರ್ಧಕ್ಕೆ ಬಿಟ್ಟು ಅರಿಯದ ಅವನ ಕೈ ಹಿಡಿಕೆಯತ್ತ ಹೋಗಿ ಹಿಂದೆ ಬಂತು. ಭಗವಂತನು ಕಾಳಿಗೆ ಹೊದಿಸಿ ಕಳಿಸಿದ ಈ ತವುಡನ್ನು ಕಳಚಲು ತಾನು ಯಾರು ಎಂದುಕೊಂಡು ಯಂತ್ರ ನಿಲ್ಲಿಸಿದ.

ನೆನೆಹಾಕಿ ಬಹಳ ಹೊತ್ತು ಬೇಯಿಸಿದರೂ ಕಾಳು ಹಲ್ಲಿಗೆ ಕೆಲಸ ಕೊಟ್ಟಿತು. ನಾಲ್ಕು ತುತ್ತು ಗಬಗಬ ನುಂಗಿ ಎದ್ದುಹೋಗುವ ಅಭ್ಯಾಸದ ಗಿರಣಿಯವನು ಅಂದು ಅವಳೆದುರು ಅದನ್ನೇ ಬಡಿಸಿಕೊಂಡು ಕುಳಿತ.

“ನಿಮಗ್ಯಾಕ್ರೀ ಈ ಶಿಕ್ಷೆ?”

“ಅಗಿ ಸುಮ್ನೆ. ನಾನೂ ಅಗೀತೀನಿ.”

ಅವಳು ಅಗಿದಳು, ಮಾತಾಡಿದಳು, ಮತ್ತೆ ಅಗಿದಳು. ಒಂದು ಸೌಟಿಗೇ ಹೊಟ್ಟೆ ತುಂಬಿತು. ಊಟ ಮುಗಿದಾಗ ಅವಳು ಸೂಜಿ ದಾರ ತಂದು ಅವನ ಮುಂದೆ ಚಾಚಿದಳು.

“ನನ್ನ ಕಣ್ಣು ನೆಟ್ಟಗಾಗೋವರೆಗೆ ಇದು ನಿಮ್ಮ ಕೆಲಸ.”

ದಪ್ಪ ಬೆರಳುಗಳಲ್ಲಿ ದಾರದ ತುದಿಯನ್ನು ಹೊಸೆಯುತ್ತ, ಅವನು ಬೆಳಕಿನತ್ತ ತಿರುಗಿ ಕುಳಿತ.