ಎಡಗಡೆಯ ಸೀಟು

ಒಂಬತ್ತನೆಯ ತರಗತಿಯವರು ಇಬ್ಬಿಬ್ಬರು ಸೇರಿ ಪುತ್ತೂರಿನ ಸ್ಪರ್ಧೆಗೆ ಒಂದೊಂದು ಬ್ಯಾಟರಿ ಗಾಡಿ ಕಟ್ಟಬೇಕು ಎಂದು ಶ್ರೀರಾಮ ಸರ್ ಹೇಳಿದಾಗ ಸುಪ್ರಿತಾ ತಿರುಗಿ ನೋಡಿದ್ದು ತನ್ಮಯಿಯನ್ನೇ. ಪೆರಾಬೆಯಿಂದ ಕಡಬದ ಶಾಲೆಗೆ ಬರುವ ಸುಪ್ರಿತಾಳಿಗೆ ಮಾತು ಕಡಿಮೆ. ಮಾತಾಡುವುದಿದ್ದರೆ ತನ್ಮಯಿಯ ಹತ್ತಿರ ಮಾತ್ರ.

ಗುಜರಿ ಅಂಗಡಿಯ ಯಜಮಾನ ಪೋಕರ್ ಹಳೆಯ ಬ್ಯಾಟರಿ ಸ್ಕೂಟರಿನ ಮೋಟರು, ಕಬ್ಬಿಣದ ಪೈಪು, ಮೂರು ಸೈಕಲ್ ಚಕ್ರ ಕೊಟ್ಟರು. ತನ್ಮಯಿ ಚಿತ್ರ ಬರೆದಳು, ಸುಪ್ರಿತಾ ವಯರಿಂಗ್ ಮಾಡಿದಳು. ಎಲ್ಲರ ಗಾಡಿಗೂ ಒಂದೇ ಸೀಟು. ಇವರದಕ್ಕೆ ಮಾತ್ರ ಎರಡು.

"ಒಬ್ಬಳೇ ಹೋಗುದು ಎಂತಕ್ಕೆ? ಇಬ್ರೂ ಕೂತು ಹೋಗುವ ಮಾರಾಯ್ತಿ," ಎಂದಿದ್ದಳು ತನ್ಮಯಿ.

ದೀಪಾವಳಿ ರಜೆಯಲ್ಲಿ ತನ್ಮಯಿಯ ಅಮ್ಮನಿಗೆ ಸುಳ್ಯದ ಬ್ಯಾಂಕಿಗೆ ವರ್ಗವಾಯಿತು. ಅಜ್ಜಾವರದಲ್ಲಿ ಬಾಡಿಗೆ ಮನೆ, ಹೊಸ ಶಾಲೆ. "ಪುತ್ತೂರಿನ ಸ್ಪರ್ಧೆಗೆ ನಾನು ಸೀದಾ ಬರ್ತೇನೆ. ಎಡದ ಸೀಟು ನಂದೇ," ಎಂದು ಹೇಳಿ ಹೋದಳು.

"ಬೇರೆ ಯಾರನ್ನಾದ್ರೂ ಸೇರಿಸ್ಲಾ?" ಎಂದು ಸರ್ ಕೇಳಿದರು.

"ಬೇಡ ಸರ್. ಅವಳು ಬರ್ತಾಳೆ."

ಶಾಲೆಯ ಹಿಂದಿನ ಶೆಡ್ಡಿನಲ್ಲಿ ಸುಪ್ರಿತಾ ಒಬ್ಬಳೇ ಕೆಲಸ ಮುಂದುವರಿಸಿದಳು. ಒಬ್ಬಳೇ ಕೂತು ಓಡಿಸಿದರೆ ಎಡಕ್ಕೆ ತಿರುಗುವಾಗ ಎಡಗಡೆಯ ಚಕ್ರ ನೆಲ ಬಿಟ್ಟು ಏಳುತ್ತಿತ್ತು. ಭಾರಕ್ಕೆಂದು ಆ ಸೀಟಿಗೆ ಮರಳಿನ ಚೀಲ ಕಟ್ಟಿದಳು. ಮೋಟರು ಮೊದಲ ಸಲ ಸರಾಗವಾಗಿ ತಿರುಗಿದ ದಿನ "ಕೇಳಿತಾ?" ಎಂದು ಖುಷಿಯಲ್ಲಿ ಎಡಕ್ಕೆ ತಿರುಗಿದವಳು ಚೀಲವನ್ನು ಕಂಡು ಸ್ವಿಚ್ಚು ಆರಿಸಿದಳು.

ಅಮ್ಮನ ಫೋನಿನಿಂದ ಆಗಾಗ ತನ್ಮಯಿಗೆ ಕರೆ ಮಾಡುತ್ತಿದ್ದಳು. ಬರಬರುತ್ತಾ ಆಚೆ ಕಡೆ ಅವಳ ಅಮ್ಮನೇ ಸಿಗತೊಡಗಿದರು. "ಫ್ರೆಂಡ್ಸ್ ಒಟ್ಟಿಗೆ ಹೋಗಿದ್ದಾಳಲ್ಲ ಮಗಾ, ಬಂದ ಮೇಲೆ ಹೇಳ್ತೇನೆ."

ಸ್ಪರ್ಧೆಯ ದಿನ ಪುತ್ತೂರಿನ ಕಾಲೇಜು ಮೈದಾನದ ಗೇಟಿನ ಹತ್ತಿರ ನಿಂತು ಸುಪ್ರಿತಾ ಬರುವವರನ್ನೆಲ್ಲ ನೋಡುತ್ತಿದ್ದಳು. ಶ್ರೀರಾಮ ಸರ್ ಫೋನು ಹಿಡಿದುಕೊಂಡು ಬಂದರು. "ಅವಳ ಅಮ್ಮ ಮೆಸೇಜ್ ಹಾಕಿದ್ದಾರೆ. ಅಲ್ಲಿ ಶಾಲೆಯಲ್ಲಿ ಡ್ಯಾನ್ಸ್ ಪ್ರಾಕ್ಟೀಸ್ ಉಂಟಂತೆ."

ಸುಪ್ರಿತಾ ತಲೆಯಾಡಿಸಿದಳು.

ಪರೀಕ್ಷಕರು ಗಾಡಿಯ ಸುತ್ತ ಒಂದು ಸುತ್ತು ಬಂದು, "ಎರಡು ಸೀಟಿದ್ರೆ ಇಬ್ಬರು ಕೂತ್ಕೊಳ್ಳಲೇಬೇಕು. ಚೀಲ ಇಳಿಸಿ," ಎಂದರು.

"ಹಾಗಾದ್ರೆ ನಾನು ಓಡಿಸುದಿಲ್ಲ ಸರ್," ಎಂದಳು ಸುಪ್ರಿತಾ.

"ಇಷ್ಟು ಮಾಡಿ ಓಡಿಸದೆ ವಾಪಸ್ ಹೋಗುದಾ?" ಎಂದು ಶ್ರೀರಾಮ ಸರ್ ಮೆಲ್ಲನೆ ಕೇಳಿದರು.

ಪಕ್ಕದಲ್ಲಿ ಬೇರೆ ಶಾಲೆಯ ಹುಡುಗಿಯೊಬ್ಬಳು ವಯರು ಸುಟ್ಟುಹೋದ ತಮ್ಮ ಗಾಡಿಗೆ ಒರಗಿ ನಿಂತಿದ್ದಳು. "ನಾನು ಕೂತ್ಕೊಳ್ಲಾ? ನಮ್ಮದು ಹೇಗೂ ಹೋಗುದಿಲ್ಲ," ಎಂದಳು.

ಸುಪ್ರಿತಾ ಚೀಲದ ಹಗ್ಗ ಬಿಚ್ಚಿದಳು. "ಎಡಕ್ಕೆ ತಿರುಗುವಾಗ ನೀನೂ ಎಡಕ್ಕೆ ವಾಲ್ಬೇಕು," ಎಂದಷ್ಟೇ ಹೇಳಿದಳು.

ಗಾಡಿ ಹೊರಟಿತು. ಮೊದಲ ತಿರುವಿನಲ್ಲೇ ಹುಡುಗಿ ಹೆದರಿ ಬಲಕ್ಕೆ ವಾಲಿದಳು. ಚಕ್ರ ಮೇಲೆದ್ದಿತು.

"ಎಡಕ್ಕೆ, ತನ್ಮಯೀ!" ಎಂದು ಸುಪ್ರಿತಾ ಕೂಗಿದಳು.

ಅದು ತನ್ನ ಹೆಸರಲ್ಲ ಎಂದು ಆ ಹುಡುಗಿ ಹೇಳಲಿಲ್ಲ. ಎಡಕ್ಕೆ ವಾಲಿದಳು. ಗಾಡಿ ಎಲ್ಲ ಸುತ್ತುಗಳನ್ನೂ ಮುಗಿಸಿತು. ಬಹುಮಾನ ಬರಲಿಲ್ಲ. "ಲಾಯ್ಕ ಉಂಟು ನಿನ್ನ ಗಾಡಿ," ಎಂದು ಆ ಹುಡುಗಿ ಇಳಿದು ತನ್ನವರ ವ್ಯಾನಿನತ್ತ ಓಡಿದಳು.

ಸಂಜೆ ತನ್ಮಯಿಯೇ ಫೋನು ಮಾಡಿದಳು. "ಸಾರಿ ಮಾರಾಯ್ತಿ. ಗಾಡಿ ಓಡಿತಾ?"

"ಓಡಿತು."

"ನನ್ನ ಸೀಟಿನಲ್ಲಿ ಯಾರು ಕೂತದ್ದು?"

"ಒಬ್ಬಳು. ಹೆಸರು ಕೇಳಲಿಲ್ಲ."

ಆಚೆಯಿಂದ ಯಾರೋ ತನ್ಮಯಿಯನ್ನು ಕರೆದರು, ನಗು ಕೇಳಿಸಿತು. "ನಾಳೆ ಮಾತಾಡುವ, ಆಯ್ತಾ?" ಎಂದಳು ಅವಳು.

"ಆಯ್ತು," ಎಂದು ಸುಪ್ರಿತಾ ಫೋನನ್ನು ಅಮ್ಮನ ಕೈಗೆ ಕೊಟ್ಟಳು. ಬಚ್ಚಲಿಗೆ ಹೋಗಿ, ಉಗುರಿನ ಸಂದಿಯ ಗ್ರೀಸು ಹೋಗುವವರೆಗೆ ಕೈ ತಿಕ್ಕುತ್ತಾ ನಿಂತಳು.